ಹುಟ್ಟಿದ ನಾಡು ಎಂದು ಕಲ್ಲಿನಲ್ಲಿ ಬರೆಸಿದವನು: ಶಾಸನಗಳಲ್ಲಿ ಬಲ್ಗೇರಿಯಾ

ಬಲ್ಗೇರಿಯಾದ ಈಶಾನ್ಯ ಭಾಗದಲ್ಲಿ ಶುಮೆನ್ ಅಂತ ಒಂದು ಪಟ್ಟಣ ಇದೆ. ಅದರ ಹತ್ತಿರದ ಒಂದು ಹಳ್ಳಿಗೆ ಹಿಂದೆ ಚತಲಾರ್ ಎಂಬ ಹೆಸರಿತ್ತು, ಈಗ ಖಾನ್ ಕ್ರುಮ್ ಎನ್ನುತ್ತಾರೆ. ಅಲ್ಲಿ ಸಿಕ್ಕ ಕಂಬದ ಮೇಲೆ ಗ್ರೀಕ್ ಅಕ್ಷರಗಳಲ್ಲಿ, ಗ್ರೀಕ್ ಭಾಷೆಯಲ್ಲೇ ಒಂದು ಶಾಸನವಿದೆ. ಶುರುವಿನಲ್ಲೇ ರಾಜನ ಬಿರುದು ಮತ್ತು ಹೆಸರು: ಕನ ಸುಬಿಗಿ ಒಮುರ್ತಾಗ್. ಅದರ ಬೆನ್ನಿಗೇ, ಹುಟ್ಟಿದ ನಾಡಿನಲ್ಲಿ ದೇವರ ದಯೆಯಿಂದ ಆಳುತ್ತಿರುವವನು ಎಂಬ ಅರ್ಥದ ಮಾತು ಬರುತ್ತದೆ.

ಶಾಸನ ಓದಿ ಅಭ್ಯಾಸ ಇರುವವರಿಗೆ ಈ ಮಾತು ಸ್ವಲ್ಪ ವಿಚಿತ್ರ ಅನ್ನಿಸಬೇಕು. ರಾಜರು ಸಾಮಾನ್ಯವಾಗಿ ವಂಶ ಹೇಳಿಕೊಳ್ಳುತ್ತಾರೆ, ಗೆದ್ದ ಊರುಗಳನ್ನು ಹೇಳಿಕೊಳ್ಳುತ್ತಾರೆ. 'ಇದು ನಾನು ಹುಟ್ಟಿದ ನೆಲ' ಅಂತ ಬರೆಸಬೇಕಾದರೆ ಅದಕ್ಕೊಂದು ಕಾರಣ ಇರಬೇಕು. ಒಮುರ್ತಾಗ್ ಆಳಿದ್ದು ಕ್ರಿ.ಶ. 814ರಿಂದ 831ರವರೆಗೆ. (ನಮ್ಮ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದಿದ್ದೂ 814ರಲ್ಲೇ, ಕಾಲ ನೆನಪಿಟ್ಟುಕೊಳ್ಳೋಕೆ ಇಷ್ಟು ಸಾಕು.) ಅವನ ಜನ ಡಾನ್ಯೂಬ್ ನದಿ ದಾಟಿ ಈ ನೆಲಕ್ಕೆ ಬಂದು ಆಗ ನೂರ ನಲವತ್ತು ವರ್ಷ ಆಗಿತ್ತು ಅಷ್ಟೆ.

ಬಲ್ಗೇರಿಯನ್ನರ ಮೂಲ ನಾಡು ಯಾವುದು ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಹತ್ತು ಉತ್ತರ ಸಿಗುತ್ತವೆ. ಆ ಜನ ತಾವೇ ಕೆತ್ತಿಸಿಟ್ಟ ಕಲ್ಲುಗಳು ಏನು ಹೇಳುತ್ತವೆ ಅನ್ನುವುದನ್ನು ಮಾತ್ರ ಇಲ್ಲಿ ನೋಡೋಣ. ನಾನು ಗ್ರೀಕ್ ಪಂಡಿತನಲ್ಲ. ಆದರೆ ಇಂಜಿನಿಯರಿಂಗ್ ಓದಿದವರಿಗೆ ಆಲ್ಫಾ, ಬೀಟಾ, ಲ್ಯಾಮ್ಡಾ, ಸಿಗ್ಮಾ ಅಪರಿಚಿತವಲ್ಲ. ಕಲ್ಲಿನ ಒಳ್ಳೆಯ ಫೋಟೋ, ಪಕ್ಕದಲ್ಲಿ ಪ್ರಕಟವಾದ ಪಾಠ ಇಟ್ಟುಕೊಂಡರೆ ಕನಿಷ್ಠ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಗುರುತಿಸಬಹುದು. ಈ ಶಾಸನಗಳನ್ನೆಲ್ಲ ಒಟ್ಟು ಸೇರಿಸಿ ಸಂಪಾದಿಸಿದವರು ವೆಸೆಲಿನ್ ಬೆಶೆವ್ಲಿಯೆವ್. ಅವರ ಸಂಪುಟ 1963ರಲ್ಲಿ ಜರ್ಮನ್ ಭಾಷೆಯಲ್ಲಿ ಬಂತು. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಇವತ್ತಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ.

ಮೊದಲು ನೆಲದ ಪರಿಚಯ ಚುಟುಕಾಗಿ. ಇಂದಿನ ಬಲ್ಗೇರಿಯಾದ ವಿಸ್ತೀರ್ಣ ಸುಮಾರು 1,11,000 ಚದರ ಕಿ.ಮೀ. ಉತ್ತರಕ್ಕೆ ಡಾನ್ಯೂಬ್, ಪೂರ್ವಕ್ಕೆ ಕಪ್ಪು ಸಮುದ್ರ. ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಬೆನ್ನೆಲುಬಿನ ಹಾಗೆ ಸ್ತಾರಾ ಪ್ಲಾನಿನಾ ಎಂಬ ಪರ್ವತಸಾಲು. ತುರ್ಕರು ಇದನ್ನೇ ಬಾಲ್ಕನ್ ಎಂದು ಕರೆದರು, ಇಡೀ ಪರ್ಯಾಯ ದ್ವೀಪಕ್ಕೆ ಆ ಹೆಸರು ಅಂಟಿಕೊಂಡಿತು. ಪರ್ವತದ ಉತ್ತರಕ್ಕೆ ಡಾನ್ಯೂಬ್ ಬಯಲು, ದಕ್ಷಿಣಕ್ಕೆ ಮರೀತ್ಸಾ ನದಿ ಹರಿಯುವ ಥ್ರೇಸ್ ಬಯಲು. ನೈಋತ್ಯದಲ್ಲಿ ರಿಲಾ ಮತ್ತು ರೋಡೋಪಿ ಪರ್ವತಗಳು. ರಿಲಾದ ಮುಸಾಲಾ ಶಿಖರ 2,925 ಮೀಟರ್, ಇಡೀ ಬಾಲ್ಕನ್‌ನಲ್ಲಿ ಅದೇ ಎತ್ತರ. ಈ ಬರಹಕ್ಕೆ ಮುಖ್ಯವಾದದ್ದು ಈಶಾನ್ಯ ಮೂಲೆ. ಅಲ್ಲಿನ ಪ್ಲಿಸ್ಕಾ, ಮದಾರಾ, ಪ್ರೆಸ್ಲಾವ್ ಈ ಮೂರೂ ಶುಮೆನ್ ಸುತ್ತಮುತ್ತಲೇ ಇವೆ. ಹಳೆಯ ಶಾಸನಗಳಲ್ಲಿ ಹೆಚ್ಚಿನವು ಸಿಕ್ಕಿದ್ದೂ ಈ ಭಾಗದಲ್ಲೇ. ಕುದುರೆ ಸಾಕುವ ಜನಕ್ಕೆ ಬೇಕಾದ ಹುಲ್ಲುಗಾವಲು, ಹಿಂದೆ ಡಾನ್ಯೂಬ್, ಮುಂದೆ ಪರ್ವತದ ಗೋಡೆ. ಬೈಜಾಂಟಿಯಂ ಸೈನ್ಯ ಆ ಪರ್ವತದ ಕಣಿವೆಗಳಲ್ಲಿ ಎಷ್ಟೋ ಸಲ ಸಿಕ್ಕಿಹಾಕಿಕೊಂಡಿತು. 811ರಲ್ಲಿ ಚಕ್ರವರ್ತಿ ನಿಕೆಫೊರಸನೇ ಅಲ್ಲಿ ಸತ್ತ.

ಇನ್ನು ಆ ಹೆಸರು. ಬುಲ್ಗಾರ್ ಎಂಬ ಹೆಸರು ಡಾನ್ಯೂಬ್ ದಡದ್ದಲ್ಲ. ಏಳನೇ ಶತಮಾನದಲ್ಲಿ ಕುಬ್ರಾತ್ ಎಂಬವನು ಅಜೋವ್ ಸಮುದ್ರದ ಸುತ್ತಲಿನ ಹುಲ್ಲುಗಾವಲಿನಲ್ಲಿ ಒಂದು ರಾಜ್ಯ ಕಟ್ಟಿದ. ಬೈಜಾಂಟಿಯಂನ ಚರಿತ್ರಕಾರರು ಅದನ್ನು ಹಳೆಯ ಮಹಾ ಬುಲ್ಗಾರಿಯಾ ಎಂದು ಕರೆದರು. ಥಿಯೊಫೇನಿಸ್ ಬರೆದ ಪ್ರಕಾರ ಕುಬ್ರಾತನಿಗೆ ಐವರು ಮಕ್ಕಳು. ಒಟ್ಟಿಗೇ ಇರಿ ಅಂತ ಅಪ್ಪ ಹೇಳಿ ಸತ್ತ, ಮಕ್ಕಳು ಬೇರೆ ಬೇರೆಯಾದರು, ಖಜಾರರು ಬಂದು ನೆಲ ಹಿಡಿದರು. ಒಬ್ಬ ಅಲ್ಲೇ ಉಳಿದು ಕಪ್ಪ ಕೊಟ್ಟ. ಅಸ್ಪಾರುಖ್ ಡಾನ್ಯೂಬ್ ಮುಖಜ ಭೂಮಿಗೆ ಬಂದ. ಇನ್ನಿಬ್ಬರು ಪನ್ನೋನಿಯಾಕ್ಕೆ, ಇಟಲಿಗೆ ಹೋದರು. ಅಪ್ಪ, ಐದು ಮಕ್ಕಳು, ಬೇರೆಯಾದ ಮನೆ ಅನ್ನೋ ಕಥೆ ಎಲ್ಲ ದೇಶದಲ್ಲೂ ಇದೆ, ಹಾಗಾಗಿ ಇದನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಕುಬ್ರಾತ್ ಕಟ್ಟುಕಥೆಯ ವ್ಯಕ್ತಿಯಲ್ಲ. 1912ರಲ್ಲಿ ಉಕ್ರೇನಿನ ಪೊಲ್ತಾವಾ ಬಳಿ, ಮಾಲಾ ಪೆರೆಶ್ಚೆಪಿನಾ ಎಂಬ ಹಳ್ಳಿಯಲ್ಲಿ ಚಿನ್ನ ಬೆಳ್ಳಿಯ ದೊಡ್ಡ ನಿಧಿ ಸಿಕ್ಕಿತು. ಅದರಲ್ಲಿದ್ದ ಮುದ್ರೆಯುಂಗುರಗಳ ಮೇಲೆ ಗ್ರೀಕ್ ಅಕ್ಷರಗಳನ್ನು ಹೆಣೆದ ಚಿಹ್ನೆಗಳಿವೆ. ಅವುಗಳನ್ನು ಕುಬ್ರಾತ್ ಎಂದು ಓದಿದ ಮೇಲೆ ಅದು ಅವನ ಸಮಾಧಿಯೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪಿದ್ದಾರೆ. ಆ ಹಳ್ಳಿ ಇರುವುದು ವೋರ್ಸ್ಕ್ಲಾ ನದಿಯ ಹತ್ತಿರ. ವೋರ್ಸ್ಕ್ಲಾ ಮುಂದೆ ನೀಪರ್ ನದಿಗೆ ಸೇರುತ್ತದೆ. ನೀಪರ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬುಲ್ಗಾರರ ಇನ್ನೊಂದು ಗುಂಪು ಉತ್ತರಕ್ಕೆ, ವೋಲ್ಗಾ ಮತ್ತು ಕಾಮಾ ನದಿಗಳು ಕೂಡುವಲ್ಲಿಗೆ ಹೋಯಿತು. 922ರಲ್ಲಿ ಬಾಗ್ದಾದಿನಿಂದ ಹೋದ ರಾಯಭಾರದ ಜೊತೆಗಿದ್ದ ಇಬ್ನ್ ಫದ್ಲಾನ್ ಅವರನ್ನು ಕಂಡು ಬರೆದಿದ್ದಾನೆ. ಅವರು ಇಸ್ಲಾಮಿಗೆ ಸೇರಿದರು. 13, 14ನೇ ಶತಮಾನಗಳಲ್ಲಿ ಅವರು ನೆಟ್ಟ ಗೋರಿಕಲ್ಲುಗಳು ಇಂದಿನ ತಾತಾರಸ್ತಾನದಲ್ಲಿವೆ. 1722ರಲ್ಲಿ ರಷ್ಯಾದ ಪೀಟರ್ ದೊರೆ ಬೊಲ್ಗಾರ್ ಪಾಳುಊರಿಗೆ ಹೋದಾಗ ಆ ಬರಹಗಳನ್ನು ನಕಲು ಮಾಡಿಸಲು ಆಜ್ಞೆ ಮಾಡಿದ್ದ. ಲಿಪಿ ಅರಬ್ಬಿ. ಆದರೆ ಆ ಕಲ್ಲುಗಳಲ್ಲಿ ಹಲವುದರ ಭಾಷೆ ಈಗ ವೋಲ್ಗಾ ದಡದಲ್ಲಿ ಮಾತಾಡುವ ಚುವಾಶ್ ಭಾಷೆಗೆ ಹತ್ತಿರವಾದ ಒಂದು ತುರ್ಕಿ ನುಡಿ. ಡಾನ್ಯೂಬ್ ಬುಲ್ಗಾರರ ಹಳೆಯ ನುಡಿಯೂ ಇದೇ ಗುಂಪಿನದು ಎಂದು ಭಾಷಾಶಾಸ್ತ್ರಜ್ಞರಲ್ಲಿ ಬಹುತೇಕರು ಹೇಳುತ್ತಾರೆ. ಇಂದಿನ ಬಲ್ಗೇರಿಯನ್ ಭಾಷೆಯಾದರೋ ಸ್ಲಾವಿಕ್. ಅಂದರೆ ಹೆಸರು ಹುಲ್ಲುಗಾವಲಿನಿಂದ ಬಂತು, ಭಾಷೆ ಸ್ಲಾವರಿಂದ ಬಂತು, ಮೊದಲ ಶಾಸನಗಳ ಲಿಪಿ ಮತ್ತು ಮಾತು ಗ್ರೀಕರಿಂದ ಬಂತು.

ಅಸ್ಪಾರುಖ್ 680ರಲ್ಲಿ ಚಕ್ರವರ್ತಿ ನಾಲ್ಕನೇ ಕಾನ್‌ಸ್ಟಂಟೈನನ ಸೈನ್ಯವನ್ನು ಸೋಲಿಸಿದ. 681ರಲ್ಲಿ ಒಪ್ಪಂದವಾಯಿತು. ಬಲ್ಗೇರಿಯನ್ನರು ತಮ್ಮ ರಾಜ್ಯದ ಹುಟ್ಟನ್ನು ಈ ವರ್ಷದಿಂದ ಎಣಿಸುತ್ತಾರೆ. ಆ ಕಾಲದ ನೆನಪು ಹಿಡಿದಿಟ್ಟಿರುವ ಅತಿ ಹಳೆಯ ಬರಹ ಮದಾರಾದಲ್ಲಿದೆ. ಸುಮಾರು 100 ಮೀಟರ್ ಎತ್ತರದ ನೆಟ್ಟಗಿನ ಬಂಡೆ. ನೆಲದಿಂದ 23 ಮೀಟರ್ ಮೇಲೆ ಕುದುರೆ ಸವಾರನ ಉಬ್ಬುಶಿಲ್ಪ. ಕುದುರೆಯ ಕಾಲಡಿ ಈಟಿಯಿಂದ ಇರಿದ ಸಿಂಹ, ಹಿಂದೆ ನಾಯಿ. ಸುತ್ತ ಮೂರು ಕಾಲದ ಗ್ರೀಕ್ ಶಾಸನಗಳು, ಅಲ್ಲಲ್ಲಿ ತ್ರುಟಿತ. ಅತ್ಯಂತ ಹಳೆಯದು ತೆರ್ವೆಲ್ ಕಾಲದ್ದು. 705ರಲ್ಲಿ ಪದಚ್ಯುತ ಚಕ್ರವರ್ತಿ ಎರಡನೇ ಜಸ್ಟಿನಿಯನ್ ತೆರ್ವೆಲ್ ಸಹಾಯದಿಂದ ಸಿಂಹಾಸನಕ್ಕೆ ಮರಳಿದ್ದ. ಮೊದಲ ಸಲ ಪಟ್ಟ ಕಳೆದುಕೊಂಡಾಗ ವೈರಿಗಳು ಅವನ ಮೂಗು ಕೊಯ್ದಿದ್ದರು. ಶಾಸನ ಅವನನ್ನು ಮೂಗು ಕೊಯ್ಸಿಕೊಂಡ ಚಕ್ರವರ್ತಿ ಅಂತಲೇ ಕರೆಯುತ್ತದೆ! ಥೆಸಲೋನಿಕಿ ಕಡೆ ಇದ್ದ ನನ್ನ ಚಿಕ್ಕಪ್ಪ ದೊಡ್ಡಪ್ಪಂದಿರು ಅವನನ್ನು ನಂಬಲಿಲ್ಲ ಎಂದೂ ಅದರಲ್ಲಿದೆ. ಅಂದರೆ ಡಾನ್ಯೂಬ್ ದಡದ ಬುಲ್ಗಾರರಿಗೆ ಮ್ಯಾಸಿಡೋನಿಯಾದಲ್ಲೂ ದಾಯಾದಿಗಳಿದ್ದರು. ಒಂದು ಕುಲ ಹಲವು ಕಡೆ ಹರಡಿತ್ತು ಎಂಬುದಕ್ಕೆ ಚರಿತ್ರಕಾರರ ಐದು ಮಕ್ಕಳ ಕಥೆಗಿಂತ ಈ ಒಂದು ಸಾಲು ನನಗೆ ಗಟ್ಟಿ ಆಧಾರ ಅನ್ನಿಸುತ್ತದೆ. ಮದಾರಾ ಸವಾರ 1979ರಿಂದ ಯುನೆಸ್ಕೋ ಪಟ್ಟಿಯಲ್ಲಿದ್ದಾನೆ, ಆದರೂ ಮಳೆ ಹಿಮ ಬಂಡೆಯ ಸೀಳುಗಳು ತಮ್ಮ ಕೆಲಸ ನಿಲ್ಲಿಸಿಲ್ಲ.

ಈಗ ಮತ್ತೆ ಒಮುರ್ತಾಗನ ಹತ್ತಿರ ಬರೋಣ. ಇವನಷ್ಟು ಕಲ್ಲು ಕೆತ್ತಿಸಿದವನು ಆ ವಂಶಗಳಲ್ಲಿ ಇನ್ನೊಬ್ಬನಿಲ್ಲ.

ಚತಲಾರ್ ಶಾಸನದ ಸಾರಾಂಶ ಹೀಗೆ. ಪ್ಲಿಸ್ಕಾದ ಬೀಡಿನಲ್ಲಿದ್ದುಕೊಂಡು ಒಮುರ್ತಾಗ್ ತೀಚಾ ನದಿಯ ದಡದಲ್ಲಿ ಒಂದು ಅರಮನೆ ಕಟ್ಟಿಸಿದ, ನದಿಗೆ ಸೇತುವೆ ಮಾಡಿಸಿದ, ನಾಲ್ಕು ಕಂಬ ನಿಲ್ಲಿಸಿ ಅವುಗಳ ಮೇಲೆ ಎರಡು ಸಿಂಹ ಇಡಿಸಿದ. ತೀಚಾ ಹರಿಯುವವರೆಗೆ, ಸೂರ್ಯ ಬೆಳಗುವವರೆಗೆ ಅವನು ಚಕ್ರವರ್ತಿಯನ್ನು ಕಾಲಡಿ ಇಟ್ಟುಕೊಂಡಿರಲಿ, ನೂರು ವರ್ಷ ಬಾಳಲಿ ಎಂದು ಹಾರೈಕೆ. ಆಚಂದ್ರಾರ್ಕ ಎಂಬ ಮಾತನ್ನು ನೂರಾರು ಸಲ ಓದಿದ ನಮಗೆ ಇದು ಎಲ್ಲೋ ಕೇಳಿದ ಹಾಗಿದೆ ಅನ್ನಿಸದೇ ಇರದು. ಆದರೆ ಒಮುರ್ತಾಗ್ ಚಂದ್ರನ ಜಾಗದಲ್ಲಿ ತನ್ನೂರ ನದಿಯನ್ನು ತಂದಿದ್ದಾನೆ. ತೀಚಾ ಅಂದರೆ ಇಂದಿನ ಗೊಲ್ಯಾಮಾ ಕಮ್ಚಿಯಾ. ಪ್ಲಿಸ್ಕಾ ಎಂಬ ಹೆಸರು ಈ ಕಲ್ಲಿನಲ್ಲಿ ಬಂದಿದ್ದೂ ದೊಡ್ಡ ವಿಷಯ. ಸುಮಾರು 23 ಚದರ ಕಿ.ಮೀ. ಜಾಗವನ್ನು ಮಣ್ಣಿನ ಕೋಟೆ ಸುತ್ತುವರಿದಿದ್ದ ಆ ಪಾಳುನಗರದ ಪಕ್ಕದ ಹಳ್ಳಿಗೆ ಆಗ ಅಬೋಬಾ ಎಂದು ಹೆಸರು. ಅದೇ ಹಳೆಯ ರಾಜಧಾನಿ ಎಂಬ ವಾದಕ್ಕೆ ಈ ಶಾಸನದಿಂದ ಬಲ ಬಂತು.

ಕೊನೆಯಲ್ಲಿ ಕಾಲಸೂಚನೆ ಇದೆ, ನನಗೆ ಬಹಳ ಇಷ್ಟವಾದ ಭಾಗ. ಎರಡು ಪದ್ಧತಿಯಲ್ಲಿ ಕಾಲ ಕೊಟ್ಟಿದ್ದಾನೆ: ಬುಲ್ಗಾರ್ ಲೆಕ್ಕದಲ್ಲಿ 'ಸಿಗೊರ್ ಎಲೆಮ್', ಗ್ರೀಕ್ ಲೆಕ್ಕದಲ್ಲಿ 15ನೇ ಇಂಡಿಕ್ಷನ್. ಇಂಡಿಕ್ಷನ್ ಎಂದರೆ ಬೈಜಾಂಟಿಯಂನ 15 ವರ್ಷಗಳ ಚಕ್ರ, ಸೆಪ್ಟೆಂಬರ್ 1ಕ್ಕೆ ವರ್ಷ ಶುರು. ಒಮುರ್ತಾಗನ ಆಳ್ವಿಕೆಯಲ್ಲಿ 15ನೇ ಇಂಡಿಕ್ಷನ್ ಬರುವುದು ಒಂದೇ ಸಲ, ಸೆಪ್ಟೆಂಬರ್ 821ರಿಂದ ಆಗಸ್ಟ್ 822ರವರೆಗೆ. ಹಾಗಾದರೆ ಸಿಗೊರ್ ಏನು? ಮಧ್ಯ ಏಷ್ಯಾದ ತುರ್ಕರು 12 ಪ್ರಾಣಿಗಳ ವರ್ಷಚಕ್ರ ಬಳಸುತ್ತಿದ್ದರು: ಇಲಿ, ಎತ್ತು, ಹುಲಿ ಹೀಗೆ. ಆ ಲೆಕ್ಕದಲ್ಲಿ 821 ಎತ್ತಿನ ವರ್ಷ. ತುರ್ಕಿಯಲ್ಲಿ ದನಕ್ಕೆ ಸಿಗಿರ್ ಎನ್ನುತ್ತಾರೆ. ಸರಿಯಾಗಿ ಕೂಡಿತಲ್ಲ! 15 ಮತ್ತು 12ರ ಲಸಾಅ 60, ಆದ್ದರಿಂದ ಎರಡೂ ಒಟ್ಟಿಗೆ ಮರಳುವುದು 60 ವರ್ಷಕ್ಕೊಮ್ಮೆ. ಪ್ರಭವ ವಿಭವ ಎಣಿಸಿ ಅಭ್ಯಾಸ ಇರುವವರಿಗೆ ಈ ಸಂಖ್ಯೆ ಕಂಡು ಖುಷಿಯಾಗಬಹುದು.

ಇದು ಬರೀ ಲೆಕ್ಕದ ಆಟವಲ್ಲ. ಹಳೆಯ ಬುಲ್ಗಾರ್ ದೊರೆಗಳ ಒಂದು ನಾಮಾವಳಿ ರಷ್ಯಾದ ಹಸ್ತಪ್ರತಿಗಳಲ್ಲಿ ಉಳಿದಿದೆ. ಅಲೆಕ್ಸಾಂಡರ್ ಪೊಪೊವ್ 1866ರಲ್ಲಿ ಪ್ರಕಟಿಸಿದ. ಅದರಲ್ಲಿ ಕೂರ್ತ್, ಇಸ್ಪೆರಿಖ್ (ಅಂದರೆ ಕುಬ್ರಾತ್, ಅಸ್ಪಾರುಖ್) ಮುಂತಾದವರ ಕುಲ, ಆಳಿದ ವರ್ಷ, ಜೊತೆಗೆ 'ದಿಲೊಮ್ ತ್ವಿರೆಮ್' ತರಹದ ಯಾರಿಗೂ ಅರ್ಥವಾಗದ ಜೋಡಿಪದಗಳು ಇದ್ದವು. ಫಿನ್ಲೆಂಡಿನ ಮಿಕ್ಕೋಲಾ ಚತಲಾರ್ ಕಲ್ಲಿನ ಕೀಲಿ ಹಿಡಿದು ಅವು ಪ್ರಾಣಿವರ್ಷಗಳು ಎಂದು ಬಿಡಿಸಿದರು. ಅದೇ ನಾಮಾವಳಿ, ಮೊದಲ ಐವರು ದೊರೆಗಳು ತಲೆ ಬೋಳಿಸಿಕೊಂಡು ಡಾನ್ಯೂಬಿನ ಆಚೆ ದಡದಲ್ಲಿ 515 ವರ್ಷ ಆಳಿದರು ಎನ್ನುತ್ತದೆ. ಒಬ್ಬೊಬ್ಬನಿಗೆ ನೂರು ವರ್ಷಕ್ಕಿಂತ ಹೆಚ್ಚು! ಆ ಅಂಕಿ ಬಿಡಿ. ಆಚೆ ದಡ, ಈಚೆ ದಡ ಎಂಬ ಭೇದ ಅವರ ನೆನಪಿನಲ್ಲಿ ಇತ್ತಲ್ಲ, ಅದು ನಮಗೆ ಬೇಕಾದದ್ದು.

ಒಮುರ್ತಾಗನ ಇನ್ನೊಂದು ಶಾಸನ ವೆಲಿಕೋ ತರ್ನೊವೋ ಊರಿನ ನಲವತ್ತು ಹುತಾತ್ಮರ ಚರ್ಚಿನ ಕಂಬದ ಮೇಲಿದೆ. ಸರ್ವೇ ಕೆಲಸ ಗೊತ್ತಿದ್ದವರು ಇದನ್ನು ಓದಲೇಬೇಕು. ಹಳೆಯ ಅರಮನೆಯಲ್ಲಿದ್ದುಕೊಂಡು ಡಾನ್ಯೂಬ್ ದಡದಲ್ಲಿ ಹೊಸ ಅರಮನೆ ಕಟ್ಟಿಸಿದೆ, ಎರಡರ ನಟ್ಟನಡುವೆ ಅಳತೆ ಮಾಡಿ ಮಣ್ಣಿನ ದಿಬ್ಬ ಮಾಡಿಸಿದೆ, ದಿಬ್ಬದ ನಡುವಿನಿಂದ ಹಳೆಯ ಅರಮನೆಗೆ 20,000 ಮಾರು, ಡಾನ್ಯೂಬಿಗೆ 20,000 ಮಾರು ಎನ್ನುತ್ತಾನೆ. ಮೂಲದಲ್ಲಿ ಒರ್ಗಿಯಾ ಎಂಬ ಅಳತೆ. ಎರಡು ಕೈ ಚಾಚಿದಷ್ಟು ಉದ್ದ, ನಮ್ಮ ಮಾರಿನ ಹಾಗೇ. ಬೈಜಾಂಟಿಯಂನಲ್ಲಿ ಸಾಮಾನ್ಯ ಒರ್ಗಿಯಾ ಸುಮಾರು 1.87 ಮೀಟರ್, ಜಮೀನು ಅಳೆಯುವ ಒರ್ಗಿಯಾ ಸುಮಾರು 2.1 ಮೀಟರ್. ಒಟ್ಟು 40,000 ಅಂದರೆ 75 ಅಥವಾ 84 ಕಿ.ಮೀ. ಪ್ಲಿಸ್ಕಾದಿಂದ ಡಾನ್ಯೂಬ್ ದಡದ ಸಿಲಿಸ್ತ್ರಾಕ್ಕೆ ನಕಾಶೆಯಲ್ಲಿ ನೇರಗೆರೆ ಎಳೆದರೆ ಹೆಚ್ಚುಕಡಿಮೆ 80 ಕಿ.ಮೀ. ಬರುತ್ತದೆ. ಡ್ರೋನ್, ಜಿಪಿಎಸ್ ಇಲ್ಲದ ಕಾಲದಲ್ಲಿ ಈ ಅಳತೆ ಸಾಮಾನ್ಯದ್ದಲ್ಲ. ಹೊಸ ಅರಮನೆ ಸಿಲಿಸ್ತ್ರಾದಲ್ಲೇ ಇತ್ತು ಎಂದು ಇಷ್ಟರಿಂದಲೇ ತೀರ್ಮಾನಿಸಬಾರದು, ಪಶ್ಚಿಮಕ್ಕಿರುವ ಮಾಲಕ್ ಪ್ರೆಸ್ಲಾವೆತ್ಸ್‌ಗೂ ಹೆಚ್ಚುಕಡಿಮೆ ಅಷ್ಟೇ ದೂರ. ಅಳತೆ ಮುಗಿಸಿದ ಮೇಲೆ ರಾಜನ ದನಿ ಬದಲಾಗುತ್ತದೆ. ಚೆನ್ನಾಗಿ ಬಾಳಿದವನೂ ಸಾಯುತ್ತಾನೆ, ಇನ್ನೊಬ್ಬ ಹುಟ್ಟುತ್ತಾನೆ, ಹಾಗೆ ಹುಟ್ಟುವವನು ಇದನ್ನು ನೋಡಿ ಮಾಡಿಸಿದವನನ್ನು ನೆನೆಯಲಿ ಎಂದು ಕೇಳಿಕೊಳ್ಳುತ್ತಾನೆ. ಸರ್ವೇ ವರದಿಯೊಳಗೆ ಹೀಗೊಂದು ಮಾತು ಬರುತ್ತದೆ ಎಂದು ನಾನಂತೂ ನಿರೀಕ್ಷಿಸಿರಲಿಲ್ಲ.

ಈ ಶಾಸನಗಳ ಗ್ರೀಕ್ ಭಾಷೆಯ ಬಗ್ಗೆಯೂ ಒಂದು ಮಾತು. ಅದು ಆಸ್ಥಾನದ ಗ್ರೀಕ್ ಅಲ್ಲ, ಬಾಯಿಮಾತಿನ ಗ್ರೀಕ್. ಕಾಗುಣಿತವೂ ಅದಕ್ಕೆ ತಕ್ಕ ಹಾಗೇ. ಹಾಗಾಗಿ ಒಂಬತ್ತನೇ ಶತಮಾನದ ಆಡುಮಾತಿನ ಗ್ರೀಕ್ ಹೇಗಿತ್ತು ಅಂತ ತಿಳಿಯಲು ಗ್ರೀಕ್ ಭಾಷಾವಿಜ್ಞಾನಿಗಳೇ ಬಲ್ಗೇರಿಯಾದ ಕಲ್ಲುಗಳ ಮುಂದೆ ಕೂರಬೇಕಾಗಿದೆ. 'ಕನ ಸುಬಿಗಿ' ಎಂಬ ಬಿರುದಿನ ಅರ್ಥದ ಬಗ್ಗೆ ಜಗಳ ಮುಗಿದಿಲ್ಲ: ಸೇನೆಯ ಒಡೆಯ ಎನ್ನುವವರು ಕೆಲವರು, ದೇವರಿಂದ ಬಂದ ಎನ್ನುವವರು ಕೆಲವರು.

ಇನ್ನೆರಡು ಕಲ್ಲುಗಳಿವೆ, ಎರಡೂ ಚಿಕ್ಕವು. ಒಮುರ್ತಾಗ್ ತನ್ನ ಇಬ್ಬರು ಸರದಾರರ ನೆನಪಿಗೆ ನಿಲ್ಲಿಸಿದ ಕಂಬಗಳು. ಒಬ್ಬನ ಹೆಸರು ಒಕೊರ್ಸಿಸ್, ಚಕರಾರ್ ಕುಲದವನು. ದಂಡಿಗೆ ಹೋಗಿ ನೀಪರ್ ನದಿಯಲ್ಲಿ ಮುಳುಗಿ ಸತ್ತ. ಇನ್ನೊಬ್ಬ ಒನೆಗವೊನ್, ಕುವಿಯಾರ್ ಕುಲದವನು; ತೀಸಾ ನದಿಯಲ್ಲಿ ಮುಳುಗಿ ಸತ್ತ. ಇಬ್ಬರನ್ನೂ ರಾಜ ಕರೆಯುವುದು 'ಥ್ರೆಪ್ಟೋಸ್ ಆಂಥ್ರೋಪೋಸ್' ಎಂದು, ಅಂದರೆ ನಾನು ಉಣ್ಣಿಸಿ ಸಾಕಿದ ಮನುಷ್ಯ. ನಮ್ಮ ವೀರಗಲ್ಲುಗಳ ಜೋಳವಾಳಿ ಎಂಬ ಪದವನ್ನು ನಾನು ಇಲ್ಲಿ ನೆನೆಯದೆ ಇರಲಾರೆ. ಎರಡಕ್ಕೂ ಸಂಬಂಧ ಇದೆ ಎಂದಲ್ಲ. ಉಂಡ ಅನ್ನದ ಋಣದಿಂದ ಯೋಧನನ್ನು ಗುರುತಿಸುವುದು ಎರಡು ಕಡೆ ಬೇರೆ ಬೇರೆಯಾಗಿಯೇ ಬಂದದ್ದು.

ಈ ಎರಡು ನದಿಗಳನ್ನು ನಕಾಶೆಯಲ್ಲಿ ನೋಡಿ. ತೀಸಾ ಹರಿಯುವುದು ಇಂದಿನ ಹಂಗೇರಿ, ಸರ್ಬಿಯಾ ಕಡೆ, ಪಶ್ಚಿಮದಲ್ಲಿ. ನೀಪರ್ ಪೂರ್ವದಲ್ಲಿ, ಉಕ್ರೇನಿನಲ್ಲಿ. 827ರಲ್ಲಿ ಬುಲ್ಗಾರರು ದ್ರಾವಾ ನದಿಯಲ್ಲಿ ದೋಣಿ ಹತ್ತಿ ಪನ್ನೋನಿಯಾಕ್ಕೆ ನುಗ್ಗಿದ್ದನ್ನು ಫ್ರಾಂಕರ ವಾರ್ಷಿಕ ದಾಖಲೆಗಳೂ ಹೇಳುತ್ತವೆ, ಆದ್ದರಿಂದ ತೀಸಾ ಕಡೆಗೆ ದಂಡು ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ನೀಪರ್. ಕುಬ್ರಾತನ ಸಮಾಧಿ ಇರುವುದು ಆ ನದಿಯ ಉಪನದಿಯ ಹತ್ತಿರ ತಾನೆ? ಒಮುರ್ತಾಗನ ಜನದ ಪೂರ್ವಿಕರ ಹುಲ್ಲುಗಾವಲು ಅದೇ ದಿಕ್ಕಿನಲ್ಲಿತ್ತು. ಆದರೆ 820ರ ದಶಕದ ಕಲ್ಲಿನಲ್ಲಿ ನೀಪರ್ ಅಂದರೆ ದಂಡು ಹೋಗುವ ಹೊರನಾಡು, ಸಾಕಿದ ಮನುಷ್ಯ ಸತ್ತ ಜಾಗ. ಹುಟ್ಟಿದ ನಾಡು ಎಂಬ ಮಾತು ಅವನು ಇಟ್ಟುಕೊಂಡದ್ದು ಪ್ಲಿಸ್ಕಾ ಮತ್ತು ತೀಚಾಕ್ಕೆ. ಬಲ್ಗೇರಿಯನ್ನರ ನಾಡು ವೋಲ್ಗಾವೋ, ಕುಬಾನೋ, ಪಾಮಿರೋ ಅಂತ ಇವತ್ತು ನಡೆಯುವ ವಾದಗಳಲ್ಲಿ ಒಮುರ್ತಾಗನ ಸಾಕ್ಷಿಯನ್ನು ಯಾರೂ ಕರೆಸುವುದಿಲ್ಲ. ನೂರ ನಲವತ್ತು ವರ್ಷದಲ್ಲಿ, ಐದಾರು ತಲೆಮಾರಿನಲ್ಲಿ, ಒಂದು ಜನಕ್ಕೆ ನಾಡು ಬದಲಾಗಬಹುದು ಅಂತ ಆ ಕಲ್ಲು ಹೇಳುತ್ತಿದೆ ಎಂಬುದು ನನ್ನ ಓದು.

ಮುಂದಿನ ಕಥೆ ಬೇಗ ಹೇಳುತ್ತೇನೆ. 837ರ ಸುಮಾರಿಗೆ ದೊರೆ ಪ್ರೆಸಿಯಾನನ ಸೇನಾಪತಿ ಇಸ್ಬುಲ್ ಈಜಿಯನ್ ಸಮುದ್ರದ ಹತ್ತಿರದ ಫಿಲಿಪ್ಪಿವರೆಗೆ ಹೋದ. ಅಲ್ಲಿನ ಪಾಳು ಬಸಿಲಿಕಾದ ಕಲ್ಲಿನಲ್ಲಿ ಬುಲ್ಗಾರರು ತಮ್ಮ ದೂರು ಕೆತ್ತಿಸಿದ್ದಾರೆ: ನಾವು ಕ್ರೈಸ್ತರಿಗೆ ಒಳ್ಳೆಯದು ಮಾಡಿದೆವು, ಅವರು ಮರೆತರು, ದೇವರು ನೋಡುತ್ತಾನೆ ಎಂಬ ಧಾಟಿ. ಮುಂದೆ ಮೂವತ್ತೇ ವರ್ಷದೊಳಗೆ ಬುಲ್ಗಾರರೇ ಕ್ರೈಸ್ತರಾದರು. ದೊರೆ ಬೋರಿಸ್ ಮಿಖಾಯಿಲ್ ಎಂಬ ಹೆಸರಿಟ್ಟುಕೊಂಡು ದೀಕ್ಷೆ ಪಡೆದ. ಅವನು ಜನದೊಡನೆ ದೀಕ್ಷೆ ಪಡೆದ ವರ್ಷವನ್ನು ಸೃಷ್ಟಿಶಕ 6374 ಎಂದು ಕೆತ್ತಿದ ಕಲ್ಲು ಸಿಕ್ಕಿದ್ದು ಆಲ್ಬೇನಿಯಾದ ಬಾಲ್ಶ್‌ನಲ್ಲಿ. ಜನವರಿಯಿಂದ ಆಗಸ್ಟ್ ಆದರೆ 5508, ಸೆಪ್ಟೆಂಬರಿನಿಂದ ಡಿಸೆಂಬರ್ ಆದರೆ 5509 ಕಳೆಯಬೇಕು, ಅಲ್ಲಿಗೆ 865–66. 886ರಲ್ಲಿ ಮೆಥೋಡಿಯಸನ ಶಿಷ್ಯರು ಬಂದರು. ಸ್ಲಾವಿಕ್ ಭಾಷೆ ಚರ್ಚಿನ ಮತ್ತು ಆಡಳಿತದ ಭಾಷೆಯಾಯಿತು, ಸಿರಿಲಿಕ್ ಲಿಪಿ ಬೆಳೆಯಿತು. ಒಮುರ್ತಾಗನ ಕಾಲದ ಶಾಸನಗಳಲ್ಲಿ ಸ್ಲಾವರ ಹೆಸರಷ್ಟೇ ಬರುತ್ತದೆ, ಅವರ ಭಾಷೆಯ ಒಂದು ವಾಕ್ಯವೂ ಬರುವುದಿಲ್ಲ. ಹೆಸರಷ್ಟೇ ಬಂದವರ ಭಾಷೆ ನಾಡಿನ ಭಾಷೆಯಾಯಿತು.

ಗಡಿಕಲ್ಲುಗಳ ವಿಷಯ ಮಾತ್ರ ನಿಧಾನವಾಗಿ ನೋಡಬೇಕು, ಏಕೆಂದರೆ ಜಗಳ ಇರುವುದು ಅಲ್ಲೇ. ಥೆಸಲೋನಿಕಿಯಿಂದ ಸುಮಾರು 20 ಕಿ.ಮೀ. ದೂರದ ನರಾಶ್ ಎಂಬಲ್ಲಿ ದೊರೆ ಸಿಮಿಯೋನನ ಕಾಲದ ಗಡಿಕಂಬ ಸಿಕ್ಕಿತು. ಸೃಷ್ಟಿಶಕ 6412, 7ನೇ ಇಂಡಿಕ್ಷನ್, ರೋಮನ್ನರಿಗೂ ಬುಲ್ಗಾರರಿಗೂ ಎಲ್ಲೆ ಎಂದು ಸ್ಪಷ್ಟವಾಗಿದೆ. ತಾಳೆ ನೋಡಬೇಕಾದರೆ 904ಕ್ಕೆ 3 ಕೂಡಿಸಿ 15ರಿಂದ ಭಾಗಿಸಿ, ಶೇಷ 7. ಕೆತ್ತಿದವನು ಲೆಕ್ಕ ತಪ್ಪಿಲ್ಲ. ಆ ಜಾಗ ಈಗ ಗ್ರೀಸ್‌ನಲ್ಲಿದೆ, ಕಂಬ ಇಸ್ತಾನ್‌ಬುಲ್ ಮ್ಯೂಸಿಯಮ್ಮಿನಲ್ಲಿದೆ. ಗಡಿಕಂಬವೇ ಗಡಿ ದಾಟಿ ಹೋಗಿದೆ!

ಬಿತೋಲಾ ಕಲ್ಲಿನ ಕಥೆ ಇನ್ನೂ ಕಹಿ. ಅದು ಇಂದಿನ ಉತ್ತರ ಮ್ಯಾಸಿಡೋನಿಯಾದಲ್ಲಿದೆ. 1956ರಲ್ಲಿ ಹಳೆಯ ಮಸೀದಿಯೊಂದನ್ನು ಕೆಡವುವಾಗ ಸಿಕ್ಕಿದ್ದು. ಹೊಸ್ತಿಲಿನ ಕಲ್ಲಾಗಿ ಬಳಸಿದ್ದರಿಂದ ತುಳಿದು ತುಳಿದು ಅಕ್ಷರ ಸವೆದಿದೆ, ಮೇಲ್ಭಾಗ ಹೋಗಿದೆ, ಸಿರಿಲಿಕ್‌ನ 12 ಸಾಲು ಉಳಿದಿವೆ. ಸಮುಯಿಲ್ ದೊರೆಯ ಅಣ್ಣನ ಮಗ ಇವಾನ್ ವ್ಲಾದಿಸ್ಲಾವ್ ಬಿತೋಲಾ ಕೋಟೆಯನ್ನು ಬುಲ್ಗಾರರ ಆಶ್ರಯಕ್ಕಾಗಿ ಕಟ್ಟಿಸಿದ ಎಂದು ಅದರಲ್ಲಿದೆ, ಅವನನ್ನು ಹುಟ್ಟಿನಿಂದ ಬುಲ್ಗಾರ ಎಂದು ಕರೆದಿದೆ. ಕಾಲ 1015–16 ಎಂದು ಹೆಚ್ಚಿನವರ ಮತ. 13ನೇ ಶತಮಾನಕ್ಕೆ ತಳ್ಳುವವರೂ ಇದ್ದಾರೆ. 'ಹುಟ್ಟಿನಿಂದ' ಎಂಬ ಆ ಒಂದು ಪದದ ಮೇಲೆ ಎರಡು ದೇಶಗಳು ಹಗ್ಗ ಜಗ್ಗುತ್ತಿವೆ. ಸಮುಯಿಲ್ ಯಾರವನು ಎಂಬ ಪ್ರಶ್ನೆ ಎರಡು ಸರ್ಕಾರಗಳ ಜಂಟಿ ಇತಿಹಾಸ ಸಮಿತಿಯ ಮುಂದೆ ಬಂದಿತ್ತು, ಇಂಥ ತಕರಾರುಗಳ ನಡುವೆ 2020ರ ನವೆಂಬರಿನಲ್ಲಿ ಯೂರೋಪ್ ಒಕ್ಕೂಟ ಸೇರುವ ಉತ್ತರ ಮ್ಯಾಸಿಡೋನಿಯಾದ ಮಾತುಕತೆಯನ್ನೇ ಬಲ್ಗೇರಿಯಾ ತಡೆಹಿಡಿಯಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಿತೋಲಾ ಕಲ್ಲಿನಲ್ಲಿ ಬುಲ್ಗಾರ ಎಂದು ಇದ್ದರೆ ಬುಲ್ಗಾರ ಅಂತಲೇ ಓದಬೇಕು, ಅದನ್ನು ಮರೆಮಾಡುವುದು ಶಾಸನಕ್ಕೆ ಮಾಡುವ ಅನ್ಯಾಯ. ಅಷ್ಟೇ ಖಂಡಿತವಾಗಿ, ಆ ಕಲ್ಲನ್ನು ಇಂದಿನ ಬಿತೋಲಾದ ಜನ ಯಾರು ಎಂಬುದಕ್ಕೆ ದಾಖಲೆ ಮಾಡಿಕೊಳ್ಳುವ ಹಾಗಿಲ್ಲ. ನರಾಶ್ ಕಂಬ 904ರಲ್ಲಿ ಎಲ್ಲೆ ಎಲ್ಲಿತ್ತು ಅನ್ನುತ್ತದೆ, 905ರ ಬಗ್ಗೆ ಅದು ಮಾತಾಡುವುದಿಲ್ಲ. ಶಾಸನದ ತುದಿಯಲ್ಲಿ ತಾರೀಕು ಹಾಕುವುದೇ ಅದಕ್ಕಲ್ಲವೇ? 1878ರ ಮಾರ್ಚ್ 3ರ ಸಾನ್ ಸ್ತೆಫಾನೋ ಒಪ್ಪಂದ ಬಹಳ ದೊಡ್ಡ ಬಲ್ಗೇರಿಯಾವನ್ನು ಕಾಗದದಲ್ಲಿ ಬರೆಯಿತು, ಅದೇ ಜುಲೈನಲ್ಲಿ ಬರ್ಲಿನ್ ಒಪ್ಪಂದ ಅದನ್ನು ತುಂಡು ಮಾಡಿತು. ಆ ನಾಲ್ಕು ತಿಂಗಳ ನಕಾಶೆಗಾಗಿ ಮುಂದೆ ಎಷ್ಟು ಯುದ್ಧಗಳಾದವು ಎಂದು ಯೂರೋಪಿನ ಚರಿತ್ರೆ ಓದಿದವರಿಗೆ ಗೊತ್ತು.

ತರ್ನೊವೋದ ನಲವತ್ತು ಹುತಾತ್ಮರ ಚರ್ಚಿನಲ್ಲಿ ಒಮುರ್ತಾಗನ ಕಂಬ ಒಂಟಿಯಾಗಿಲ್ಲ. ಕ್ರುಮ್ ಕಾಲದ ಇನ್ನೊಂದು ಕಂಬ ಇದೆ, ಅದರ ಮೇಲೆ ಗೆದ್ದ ಕೋಟೆಯ ಹೆಸರಷ್ಟೇ: ರೊದೊಸ್ತೊ ಕೋಟೆ. ಅದು ಮರ್ಮರಾ ಸಮುದ್ರದ ದಡದ ಊರು, ಈಗ ತುರ್ಕಿಯ ತೆಕಿರ್ದಾಗ್. ಮೂರನೆಯ ಕಂಬ ಇವಾನ್ ಅಸೆನ್ ದೊರೆಯದು, ಸಿರಿಲಿಕ್‌ನಲ್ಲಿದೆ, ಸೃಷ್ಟಿಶಕ 6738, 3ನೇ ಇಂಡಿಕ್ಷನ್, ಅಂದರೆ 1230. ಆ ವರ್ಷದ ಮಾರ್ಚ್ 9ರಂದು, ನಲವತ್ತು ಹುತಾತ್ಮರ ಹಬ್ಬದ ದಿನ, ಕ್ಲೊಕೊತ್ನಿತ್ಸಾದಲ್ಲಿ ಥಿಯೊಡೋರ್ ಕೊಮ್ನೆನಸನನ್ನು ಸೋಲಿಸಿ ಸೆರೆಹಿಡಿದ ನೆನಪಿಗೆ ಅವನು ಈ ಚರ್ಚ್ ಕಟ್ಟಿಸಿದ. ಓದ್ರಿನ್‌ನಿಂದ ದ್ರಾಚ್‌ವರೆಗಿನ ನೆಲವೆಲ್ಲ ತನ್ನದಾಯಿತು, ಕಾನ್‌ಸ್ಟಾಂಟಿನೋಪಲ್ ಹಿಡಿದಿರುವ ಫ್ರಾಂಕರೂ ತನ್ನ ಮಾತು ಕೇಳುತ್ತಾರೆ ಎಂದು ಹೇಳಿಕೊಳ್ಳುತ್ತಾನೆ. ಓದ್ರಿನ್ ಈಗ ತುರ್ಕಿಯ ಎದಿರ್ನೆ, ದ್ರಾಚ್ ಆಲ್ಬೇನಿಯಾದ ಬಂದರು. ತುರ್ಕರ ಕಾಲದಲ್ಲಿ ಚರ್ಚ್ ಮಸೀದಿಯಾಯಿತು, ಕಂಬಗಳು ಒಳಗೇ ಉಳಿದವು. 1858ರಲ್ಲಿ ಹ್ರಿಸ್ತೊ ದಸ್ಕಲೊವ್ ಅಲ್ಲಿ ಒಮುರ್ತಾಗ್ ಮತ್ತು ಅಸೆನ್ ಶಾಸನಗಳನ್ನು ಗುರುತಿಸಿ ನಕಲು ಮಾಡಿದರು.

1908ರಲ್ಲಿ ಫರ್ಡಿನಂಡ್ ದೊರೆ ಬಲ್ಗೇರಿಯಾದ ಸ್ವಾತಂತ್ರ್ಯ ಘೋಷಿಸಿದ್ದು ಇದೇ ಚರ್ಚಿನಲ್ಲಿ, ಈ ಕಂಬಗಳ ಮಧ್ಯೆ ನಿಂತು. ಅಂದಿನ ಬಲ್ಗೇರಿಯಾದೊಳಗೆ ರೊದೊಸ್ತೊ ಇರಲಿಲ್ಲ, ಓದ್ರಿನ್ ಇರಲಿಲ್ಲ, ದ್ರಾಚ್ ಇರಲಿಲ್ಲ. ಪ್ಲಿಸ್ಕಾ ಇತ್ತು, ತೀಚಾ ಇತ್ತು.